ಬಸವನಹುಳು: ಹುಳುವಿನ ಔಷಧಿ ನಿಲ್ಲಿಸಿದ ಮೇಲೆ ತೋಟ ಚೊಕ್ಕವಾದ ಲೆಕ್ಕ

ಮೂರು ಎಕರೆ ಅಡಿಕೆ, ಅದರೊಳಗೆ ಕಾಳುಮೆಣಸು ಮತ್ತು ಬಾಳೆ. ಮೊದಲ ವರ್ಷ ಹೆಕ್ಕಿದ ಬಸವನಹುಳು ಸುಮಾರು 8 ಕ್ವಿಂಟಾಲ್. ಎರಡನೇ ವರ್ಷ 2 ಕ್ವಿಂಟಾಲಿಗೂ ಕಡಿಮೆ. ಕಳೆದ ಮಳೆಗಾಲದಲ್ಲಿ 30 ಕಿಲೋ ದಾಟಲಿಲ್ಲ. "ಕೈಯಲ್ಲಿ ಹೆಕ್ಕಿ ಮುಗಿಸುವ ಕೆಲಸವೇ ಅಲ್ಲ, ಸುಮ್ಮನೆ ಆಳಿನ ಖರ್ಚು" ಎಂದಿದ್ದ ಸುತ್ತಲಿನ ತೋಟದವರು ಈಗ ಬಸವನಹುಳು ಬಂದು ಅಡಗಲೆಂದು ಇಡುವ ಗೋಣಿಚೀಲವನ್ನು ಎಷ್ಟು ಅಡಿಗೊಂದು ಹಾಸಬೇಕು ಎಂದು ಕೇಳುತ್ತಿದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಬರೆದಿಡುತ್ತಿದ್ದೇನೆ. ತೂಕ, ಖರ್ಚು ಎಲ್ಲ ನೆನಪಿನ ಲೆಕ್ಕ. ಹತ್ತಿಪ್ಪತ್ತು ಕಿಲೋ, ಒಂದೆರಡು ಸಾವಿರ ಅತ್ತಿತ್ತ ಇದ್ದೀತು.

ಹೆಸರಿನಿಂದಲೇ ಶುರು ಮಾಡಬೇಕು, ಏಕೆಂದರೆ ಮೊದಲ ನಷ್ಟ ಆದದ್ದು ಅಲ್ಲಿಯೇ. ಬಸವನಹುಳು ಎಂಬ ಹೆಸರು ಕೊಂಬಿನಿಂದ ಬಂದದ್ದು, ಶಂಖದಹುಳು ಎಂಬುದು ಚಿಪ್ಪಿನಿಂದ. ಎರಡರ ಬಾಲಕ್ಕೂ 'ಹುಳು' ಅಂಟಿಕೊಂಡಿದೆ. ಗೊಬ್ಬರದ ಅಂಗಡಿಯಲ್ಲಿ ಹುಳು ಎಂದ ಕೂಡಲೇ ಕೈಗೆ ಬರುವುದು ಕೀಟನಾಶಕ. ಎರಡು ವರ್ಷ ಕ್ಲೋರೊಪೈರಿಫಾಸ್ ಹೊಡೆದು, ಆಳು ಸೇರಿ 18 ಸಾವಿರದಷ್ಟು ಕಳೆದ ಮೇಲೂ ಬಸವನಹುಳು ಇದ್ದ ಹಾಗೆಯೇ ಇತ್ತು. ಇದು ಕೀಟವಲ್ಲ, ಕಪ್ಪೆಚಿಪ್ಪಿನ ಬಳಗದ ಮೃದ್ವಂಗಿ. ಕೀಟದ ಮೈಗೆ ಅಳೆದು ಮಾಡಿದ ಔಷಧಿ ಇದರ ಲೋಳೆ ದಾಟಿ ಕೆಲಸ ಮಾಡುವುದು ತೀರ ಕಡಿಮೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಬಸವನಹುಳುವನ್ನು ತಿನ್ನುವ ಮಿಂಚುಹುಳುವಿನ ಮರಿ ಮಾತ್ರ ಆ ಔಷಧಿಗೆ ಸಲೀಸಾಗಿ ಸಾಯುತ್ತದೆ. ಶತ್ರುವನ್ನು ಉಳಿಸಿ ನೆಂಟನನ್ನು ಕೊಂದ ಹಾಗೆ.

ಚಿಪ್ಪಿಲ್ಲದ ಲೋಳೆಹುಳುವಿನ ವಿಷಯದಲ್ಲೂ ಇದೇ ಗೊಂದಲ. ಅದನ್ನು ಗೊಣ್ಣೆಹುಳು ಎಂದು ಕರೆಯುವವರಿದ್ದಾರೆ. ಆದರೆ ಕೃಷಿ ಇಲಾಖೆಯ ಕರಪತ್ರದಲ್ಲಿ ಗೊಣ್ಣೆಹುಳು ಎಂದರೆ ಮಣ್ಣೊಳಗೆ ಬೇರು ಕಡಿಯುವ, ದುಂಬಿಯ ಮರಿಹುಳು. ಅದರ ಔಷಧಿಯನ್ನು ಇದಕ್ಕೆ ಹಾಕಿದರೆ ದುಡ್ಡು ದಂಡ. ಅಂಗಡಿಯಲ್ಲಿ ಹೆಸರು ಹೇಳುವ ಬದಲು ಒಂದನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ತೋರಿಸುವುದು ಒಳ್ಳೆಯದು. ನಮ್ಮ ತೋಟ ತಿನ್ನುವ ಬಸವನಹುಳುವಿನ ಶಾಸ್ತ್ರೀಯ ಹೆಸರೂ ಎರಡು ರೀತಿ ಸಿಗುತ್ತದೆ: ಹಳೆಯದು ಅಕಾಟಿನ ಫುಲಿಕ, ಈಗಿನದು ಲಿಸ್ಸಕಾಟಿನ ಫುಲಿಕ. ಎರಡೂ ಒಂದೇ ಪ್ರಾಣಿ. ಮೂಲ ಪೂರ್ವ ಆಫ್ರಿಕ. 1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಕೆಲವೇ ಬಸವನಹುಳುಗಳನ್ನು ಚೌರಂಗಿಯ ತೋಟವೊಂದರಲ್ಲಿ ಬಿಟ್ಟದ್ದರಿಂದ ನಮ್ಮ ದೇಶದ ಕಾಟ ಶುರುವಾಯಿತು.

ಹೆಕ್ಕುವವರಿಗೆ ಮೊದಲು ಕಲಿಸಬೇಕಾದದ್ದು ಯಾವುದನ್ನು ಮುಟ್ಟಬಾರದು ಎಂಬುದನ್ನು. ಪಶ್ಚಿಮಘಟ್ಟದಲ್ಲಿ ನಮ್ಮವೇ ಆದ ಬಸವನಹುಳುಗಳು ಬೇಕಾದಷ್ಟಿವೆ. ಕೆಂಪು ಅಥವಾ ಹಳದಿ ಮೈಯ ಇಂಡ್ರೆಲ್ಲ ಅವುಗಳಲ್ಲಿ ಒಂದು, ಅದು ಬೇರೆಲ್ಲೂ ಇಲ್ಲ. ಗುರುತು ಸುಲಭ: ಆಫ್ರಿಕದ್ದು ಉದ್ದನೆಯ ಗೋಪುರದ ಹಾಗೆ, ಕಂದು ಪಟ್ಟೆ ಎದ್ದು ಕಾಣುತ್ತದೆ. ಚಿಪ್ಪಿನ ತುದಿ ಮೇಲೆ ಮಾಡಿ ಬಾಯಿಯನ್ನು ನಮ್ಮ ಕಡೆ ಹಿಡಿದರೆ ಬಾಯಿ ಬಲಕ್ಕಿರುತ್ತದೆ. ನಮ್ಮ ಏರಿಯೊಫಾಂಟ ಲೀವಿಪೆಸ್‌ನಲ್ಲಿ ಬಾಯಿ ಎಡಕ್ಕೆ, ಚಿಪ್ಪು ಚಪ್ಪಟೆ. ದುಂಡಗೆ, ಚಪ್ಪಟೆ ಇರುವುದನ್ನು ಬಿಟ್ಟುಬಿಡಿ ಎಂದರೆ ಆಳುಗಳಿಗೆ ಸಾಕು. ಬಲಮುರಿ, ಎಡಮುರಿ ಎಂಬ ಮಾತು ಬಳಸಬೇಡಿ. ಪೂಜೆಯ ಬಲಮುರಿ ಶಂಖವನ್ನು ಇದೇ ರೀತಿ ಹಿಡಿದರೆ ಬಾಯಿ ಎಡಕ್ಕೆ ಬರುತ್ತದೆ, ಲೆಕ್ಕ ತಲೆಕೆಳಗಾಗುತ್ತದೆ.

ಕೀಟನಾಶಕ ಬಿಟ್ಟ ಮೇಲೆ ಮೆಟಾಲ್ಡಿಹೈಡ್ 2.5% ಕಾಳು ತಂದದ್ದಾಯಿತು. ಆಗ ಕಿಲೋಗೆ ನಾನೂರೈವತ್ತರ ಆಸುಪಾಸು. ಇದು ಬಸವನಹುಳುವಿಗೆಂದೇ ಇರುವ ವಿಷ, ಕೆಲಸವನ್ನೂ ಮಾಡುತ್ತದೆ. ಆದರೆ ಮಾಡುವ ರೀತಿ ಗೊತ್ತಿರಬೇಕು. ತಿಂದದ್ದು ವಿಪರೀತ ಲೋಳೆ ಬಿಟ್ಟು, ಮೈಯ ನೀರು ಕಳೆದುಕೊಂಡು ಬೀಳುತ್ತದೆ. ಬಿದ್ದ ಮೇಲೆ ಬಿಸಿಲು ಬಂದರೆ ಸತ್ತಂತೆಯೇ. ಮಳೆ ಬಂದರೆ ನೀರು ಹೀರಿಕೊಂಡು ಎಷ್ಟೋ ಎದ್ದು ಹೋಗುತ್ತವೆ. ಮಲೆನಾಡಿನ ಜೂನ್ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರುವುದು? ಕಾಳು ಹಾಕಿದವರು ಮಾರನೆಯ ಬೆಳಿಗ್ಗೆ ಬಿದ್ದದ್ದನ್ನು ಹೆಕ್ಕಲೇಬೇಕು. ಹೇಗೂ ಹೆಕ್ಕುವುದೇ ಆದರೆ ಕಾಳು ಏಕೆ ಎಂಬ ಪ್ರಶ್ನೆ ಅಲ್ಲಿ ಹುಟ್ಟಿದ್ದು. ನಾಯಿ ತಿಂದರೆ ಉಳಿಸುವುದು ಕಷ್ಟ ಎಂಬ ಭಯ ಬೇರೆ. ಕೆಲವರು ತೌಡಿಗೆ ಮೀಥೋಮಿಲ್ ಎಂಬ ಕಡುವಿಷದ ಕೀಟನಾಶಕ ಕಲಸಿ ಇಡುತ್ತಾರೆ. ಅದನ್ನು ಖಂಡಿತ ಮಾಡಬೇಡಿ. ತೌಡು ತಿನ್ನಲು ಬರುವ ಹಕ್ಕಿ, ಕೋಳಿ, ದನ ಯಾವುದೂ ಉಳಿಯುವುದಿಲ್ಲ.

ಕೇರಳದ ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ತಂಬಾಕು–ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣವನ್ನೂ ಹೊಡೆದು ನೋಡಿದ್ದಿದೆ. 25 ಗ್ರಾಂ ತಂಬಾಕನ್ನು ಒಂದೂವರೆ ಲೀಟರ್ ನೀರಿನಲ್ಲಿ ಕುದಿಸಿ ಒಂದು ಲೀಟರಿಗೆ ಇಳಿಸಿ, 60 ಗ್ರಾಂ ಮೈಲುತುತ್ತವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಎರಡನ್ನೂ ಸೇರಿಸಿ ಸೋಸಿ ಹೊಡೆಯುವುದು. ಮೈಮೇಲೆ ಬಿದ್ದದ್ದು ಸಾಯುತ್ತದೆ. ಪಾಗಾರ, ಸ್ನಾನದ ಕೋಣೆಯ ಹಿಂದೆ, ತೊಟ್ಟಿಯ ಬದಿ ಮುಂತಾದ ಕಡೆ ಗುಂಪಾಗಿ ಅಂಟಿಕೊಂಡಿರುವಾಗ ಇದಕ್ಕಿಂತ ಚುರುಕಾದದ್ದಿಲ್ಲ. ಮೂರು ಎಕರೆ ತೋಟಕ್ಕೆ ಮಾತ್ರ ಆಗದ ಮಾತು. ಎಳೆ ಎಲೆ ಸುಡುತ್ತದೆ, ತಾಮ್ರ ಹೆಚ್ಚಾದರೆ ಎರೆಹುಳುವಿಗೂ ಕೇಡು.

ಇನ್ನು ಮನೆಮದ್ದುಗಳು. ಉಪ್ಪು ಎರಚಿದರೆ ಸಾಯುತ್ತದೆ ನಿಜ, ಆದರೆ ಮಣ್ಣಿಗೆ ಉಪ್ಪು ಹಾಕಿ ಅಡಿಕೆ ಬೆಳೆಯಲಾಗದು. ಒಲೆಬೂದಿ ಒಣಗಿರುವವರೆಗೆ ದಾಟಗೊಡುವುದಿಲ್ಲ, ಒಂದು ಹನಿ ಮಳೆಗೆ ಮುಗಿಯಿತು. ಮೊಟ್ಟೆಯ ಸಿಪ್ಪೆ ಚುಚ್ಚುತ್ತದೆ ಎಂದು ಪುಡಿಮಾಡಿ ಸಸಿಯ ಸುತ್ತ ಹಾಕಿದರೆ ಅದನ್ನೇ ತಿನ್ನಲು ಬಂದವು. ಬಿಯರ್ ಇಟ್ಟ ಬಟ್ಟಲಿನಲ್ಲಿ ಸಣ್ಣ ಲೋಳೆಹುಳು ಬಿದ್ದವೇ ಹೊರತು ದೊಡ್ಡದು ಒಂದೂ ಇಲ್ಲ.

ಸುಣ್ಣದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಕ್ರಮದ ಬೀಗದಕೈ ಅಲ್ಲಿದೆ. ಹೊಸದಾಗಿ ಅರಳಿಸಿದ ಸುಣ್ಣದ ಪುಡಿಯ ಗೆರೆ ಎಳೆದರೆ ಎರಡು ಮೂರು ದಿನ ಒಂದೂ ದಾಟುವುದಿಲ್ಲ, ಮೈ ಸುಡುತ್ತದೆ. ನಾಲ್ಕನೇ ದಿನದಿಂದ ಅದೇ ಗೆರೆಯ ಮೇಲೆ ಸಾಲಾಗಿ ಕುಳಿತಿರುತ್ತವೆ. ಸುಣ್ಣ ಗಾಳಿಯ ಇಂಗಾಲಾಮ್ಲ ಹೀರಿ ಖಾರ ಕಳೆದುಕೊಂಡು ಮತ್ತೆ ಸುಣ್ಣಕಲ್ಲಿನ ಗುಣಕ್ಕೆ ಬಂದಿರುತ್ತದೆ. ಬಸವನಹುಳುವಿನ ಚಿಪ್ಪು ಆಗುವುದು ಅದರಿಂದಲೇ. ಸುಣ್ಣ ಬಳಿದ ಗೋಡೆಗೆ ಇವು ಏಕೆ ಮುತ್ತುತ್ತವೆ ಎಂಬುದಕ್ಕೂ ಉತ್ತರ ಇದೇ. ಬಿಸಿಲಿನ ಏಟಿಗೆಂದು ಅಡಿಕೆ ಕಾಂಡಕ್ಕೆ ಬಳಿದ ಸುಣ್ಣವನ್ನೂ ಕೆರೆದಿದ್ದವು. ಬೇಲಿಯೆಂದು ಹಾಕಿದ್ದು ಬುತ್ತಿಯಾಗಿತ್ತು. ಹಾಗಾದರೆ ಬುತ್ತಿಯೆಂದೇ ಇಡೋಣ ಎಂದು ತಿರುಗಿಸಿದ ಮೇಲೆ ಕೆಲಸ ದಾರಿಗೆ ಬಂತು. ಹಳೆ ಗೋಡೆಯ ಉದುರಿದ ಸುಣ್ಣದ ಚಕ್ಕೆ ಗೋಣಿಚೀಲದಡಿ ಒಂದು ಹಿಡಿ ಇಟ್ಟರೆ, ಇಡದ ಚೀಲಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಬೀಳುತ್ತವೆ. ಅದರಲ್ಲೂ ಬೆಳೆಯುವ ವಯಸ್ಸಿನವು ಹೆಚ್ಚು.

ಕೆಲಸ ಶುರುವಾಗುವುದು ಬೇಸಿಗೆಯಲ್ಲಿ. ಎಲ್ಲರೂ ಮಳೆ ಬಂದು, ಬಾಳೆಕಂದು ತಿಂದ ಮೇಲೆ ಎಚ್ಚರವಾಗುತ್ತಾರೆ, ಅಷ್ಟರಲ್ಲಿ ಅರ್ಧ ಆಟ ಮುಗಿದಿರುತ್ತದೆ. ಒಣ ತಿಂಗಳುಗಳಲ್ಲಿ ಬಸವನಹುಳು ಚಿಪ್ಪಿನ ಬಾಯಿಗೆ ಕಾಗದದಂಥ ಬಿಳಿ ಪೊರೆ ಕಟ್ಟಿಕೊಂಡು ಮಲಗುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಇರಬಲ್ಲದು. ಮಲಗುವ ಜಾಗ ಒಂದೇ ಥರ: ಪಾಗಾರದ ನೆರಳು ಬದಿಯ ಕಲ್ಲುಸಂದು, ಧರೆಯ ಬುಡ, ರಾಶಿ ಹಾಕಿದ ಹಂಚು, ಹಳೆ ಬಾಳೆಬುಡ, ಪಂಪ್‌ಹೌಸಿನ ಹಿಂದೆ. ಒಂದು ಸಿಕ್ಕಿತೆಂದರೆ ಅಲ್ಲಿ ಇಪ್ಪತ್ತೋ ಐವತ್ತೋ ಇರುತ್ತವೆ, ಮಣ್ಣಿನಲ್ಲಿ ನಾಲ್ಕು ಇಂಚಿನೊಳಗೇ. ಫೆಬ್ರುವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ ಹತ್ತು ಆಳಿನ ಕೆಲಸಕ್ಕೆ ಒಂದೂವರೆ ಕ್ವಿಂಟಾಲ್ ಸಿಕ್ಕಿತು. ತೂಕದಲ್ಲಿ ಇದು ಒಟ್ಟಿನ ಐದರಲ್ಲಿ ಒಂದು ಪಾಲಿಗೂ ಕಡಿಮೆ, ಆದರೆ ಬಹುಪಾಲು ಬಲಿತವು. ಇವುಗಳಲ್ಲಿ ಗಂಡು ಹೆಣ್ಣು ಬೇರೆ ಇಲ್ಲ, ಪ್ರತಿಯೊಂದೂ ಮೊಟ್ಟೆ ಇಡುತ್ತದೆ. ಒಂದು ಸಲಕ್ಕೆ ನೂರಿನ್ನೂರು, ವರ್ಷಕ್ಕೆ ಹಲವು ಸಲ. ಏಪ್ರಿಲಿನಲ್ಲಿ ಸಿಕ್ಕ ಒಂದು ಬಲಿತ ಬಸವನಹುಳು ಆಗಸ್ಟಿನ ಒಂದು ಬುಟ್ಟಿ ಮರಿಗೆ ಸಮ.

ನೀರಾವರಿ ತೋಟದಲ್ಲಿ ಒಂದು ತೊಡಕಿದೆ. ಸ್ಪ್ರಿಂಕ್ಲರ್ ತಿರುಗುವಲ್ಲಿ ಇವು ಮಲಗುವುದೇ ಇಲ್ಲ, ತೋಟದ ತುಂಬ ಹರಡಿಕೊಂಡೇ ಇರುತ್ತವೆ. ಹುಡುಕುವುದಕ್ಕೆ ಐದು ದಿನ ಮುಂಚೆ ನೀರು ನಿಲ್ಲಿಸಿ. ಅಡಿಕೆಗೆ ಅಷ್ಟರಲ್ಲಿ ಏನೂ ಆಗದು. ಪೈಪು ಸೋರುವ ಜಾಗ, ಗೇಟ್‌ವಾಲ್ವಿನ ಗುಂಡಿ, ಬಾಳೆಬುಡದ ಸುತ್ತ ಬಂದು ಸೇರುತ್ತವೆ. ಬೇಕೆಂದೇ ನಾಲ್ಕು ಕಡೆ ಸಣ್ಣಗೆ ನೀರು ಸೋರಲು ಬಿಟ್ಟರೆ ಇನ್ನೂ ಒಳ್ಳೆಯದು.

ಎರಡನೇ ಹಂತದ ಕೆಲಸ ಮೊದಲ ಮಳೆಗೆ. ಉದುರಿದ ಎಲೆಯ ದರಗು ಪೂರ್ತಿ ನೆನೆಯುವಷ್ಟು ಮಳೆ ಬಿದ್ದ ಸಂಜೆಯಿಂದ ಹನ್ನೆರಡು ರಾತ್ರಿ, ಒಂದೂ ತಪ್ಪಿಸದೆ ಹೆಕ್ಕಬೇಕು. ಬೇಸಿಗೆಯಿಡೀ ಉಪವಾಸ ಮಲಗಿ ಎದ್ದದ್ದು ಹಸಿದು ಬಯಲಿಗೆ ಬರುತ್ತದೆ. ತಿಂದು, ಕೂಡಿ, ಮೊಟ್ಟೆ ಇಡುವಷ್ಟರಲ್ಲಿ ಒಂದೆರಡು ವಾರವಾದರೂ ಬೇಕು. ಆ ಸಂದಿಯಲ್ಲಿ ಹಿಡಿದದ್ದೇ ಲಾಭ. ಒಂದು ತಿಂಗಳು ಬಿಟ್ಟು ಇದರ ಎರಡು ಪಟ್ಟು ಹಿಡಿದರೂ ಮೊಟ್ಟೆ ಮಣ್ಣಿನಲ್ಲಿ ಉಳಿದಿರುತ್ತದೆ.

ಚೀಲ ಸೆಣಬಿನದೇ ಆಗಬೇಕು. ಗೊಬ್ಬರದ ಪ್ಲಾಸ್ಟಿಕ್ ಚೀಲ ನೀರು ಹಿಡಿಯುವುದಿಲ್ಲ, ಹಗಲು ಕಾಯುತ್ತದೆ, ಬಂದವು ಬೆಳಗಾಗುವ ಮೊದಲೇ ಬಿಟ್ಟು ಹೋಗುತ್ತವೆ. ಎಕರೆಗೆ ನಲವತ್ತು ಚೀಲ, ಅಂದರೆ ಸುಮಾರು 30 ಅಡಿಗೊಂದು. ಮೊದಲು ಎಕರೆಗೆ ಹತ್ತೇ ಹಾಕಿದಾಗ ನಡುವಿನ ಜಾಗದವು ಚೀಲದ ಕಡೆ ತಿರುಗಿಯೂ ನೋಡಲಿಲ್ಲ. 20 ಲೀಟರ್ ನೀರಿಗೆ ಒಂದು ಕಿಲೋ ಹಳೆ ಕರಿಬೆಲ್ಲ ಕದಡಿ ಚೀಲವನ್ನು ಅದ್ದಿ, ಎರಡು ಮಡಿಕೆ ಮಾಡಿ ಹಾಸುವುದು. ಅಡಿಯಲ್ಲಿ ಎರಡು ಕೋಲು ಕೊಟ್ಟು ಹೆಬ್ಬೆರಳು ಹೋಗುವಷ್ಟು ಸಂದು ಬಿಡಬೇಕು. ನೆಲಕ್ಕೆ ಒತ್ತಿ ಹಾಸಿದ ಚೀಲದ ಒಳಗೆ ದೊಡ್ಡವು ನುಗ್ಗಲಾರವು. ಮೇಲೆ ಕುಳಿತು ಬೆಳಕಾದ ಕೂಡಲೇ ಹೊರಡುತ್ತವೆ. ಮೊದಲ ವಾರ ಇಷ್ಟು ಸಣ್ಣ ವಿಷಯ ತಿಳಿಯದೆ ಚೀಲವೇ ಪ್ರಯೋಜನವಿಲ್ಲ ಎಂದು ಬಿಡುವವರೆಗೆ ಹೋಗಿತ್ತು.

ಚೀಲದಡಿಗೆ ಎರಡು ಹಿಡಿ ಉಂಡೆ. ಅಕ್ಕಿ ತೌಡು 10 ಕಿಲೋ, ಬೆಲ್ಲ 1 ಕಿಲೋ, ಕೊಳೆಯಲು ಶುರುವಾದ ಪಪ್ಪಾಯಿ ಅಥವಾ ಬಾಳೆಹಣ್ಣು 3 ಕಿಲೋ, ಉಂಡೆ ಕಟ್ಟಲು ಬೇಕಾದಷ್ಟು ನೀರು. ಒಂದು ರಾತ್ರಿ ಮುಚ್ಚಿಡಬೇಕು. ಬೆಲ್ಲ ಎರಡು ಕಿಲೋ ಹಾಕಿದರೆ ಇರುವೆ ಮುತ್ತಿ ಬಸವನಹುಳು ಹತ್ತಿರ ಸುಳಿಯದು. ಎರಡು ರಾತ್ರಿ ಇಟ್ಟರೆ ಬೂಸು ಬಂದು ಹಾಳು. ಇದಕ್ಕೆ ಸೇರಿಸುವ ನಾಲ್ಕನೇ ಪದಾರ್ಥವೊಂದಿದೆ. ಅದನ್ನು ಇನ್ನೂ ಎರಡು ವರ್ಷ ನೋಡಿ ಹದ ಗಟ್ಟಿಯಾದ ಮೇಲೆ ಹೇಳುತ್ತೇನೆ, ಸದ್ಯಕ್ಕೆ ಇಷ್ಟರಲ್ಲೇ ಕೆಲಸ ಆಗುತ್ತದೆ. ಕಾಡಂಚಿನ ತೋಟದಲ್ಲಿ ತೌಡು ಇಟ್ಟರೆ ಹಂದಿ ಬಂದು ಚೀಲವನ್ನೂ ಸೇರಿಸಿ ಉತ್ತು ಹಾಕುತ್ತದೆ. ಅಲ್ಲಿ ಪಪ್ಪಾಯಿ ಎಲೆ, ಬಾಡಿದ ಎಲೆಕೋಸು ಮಾತ್ರ ಇಡಿ.

ಚೀಲ ಇಟ್ಟು ಮಲಗಿದರೆ ಆಗದು. ಚೀಲ ಹಿಡಿಯುವುದು ಹೆಚ್ಚೆಂದರೆ ಅರ್ಧ, ಉಳಿದರ್ಧ ಕೈಯಲ್ಲೇ. ರಾತ್ರಿ 8ರಿಂದ ಹತ್ತೂವರೆ ಒಂದು ಸುತ್ತು, ಬೆಳಗಿನ ಜಾವ ನಾಲ್ಕೂವರೆಯಿಂದ ಬೆಳಕಾಗುವವರೆಗೆ ಚೀಲ ಎತ್ತುವ ಸುತ್ತು. ಹಣೆಗೆ ಕಟ್ಟುವ ಟಾರ್ಚ್, ಕೈಗೆ ರಬ್ಬರ್ ಗ್ಲೌಸ್. ಒಂದು ಸಾಲಿಗೆ ಇಬ್ಬರು, ಒಬ್ಬರು ನೆಲ ನೋಡಿದರೆ ಇನ್ನೊಬ್ಬರು ಆರಡಿಯವರೆಗೆ ಕಾಂಡ, ಮೆಣಸಿನ ಬಳ್ಳಿ, ಬಾಳೆಯ ತಾಳು ನೋಡಬೇಕು. ಇಬ್ಬರೂ ನೆಲ ನೋಡಿದರೆ ಮೇಲಿನದು ತಪ್ಪುತ್ತದೆ. ಜಿಟಿಜಿಟಿ ಮಳೆ ಒಳ್ಳೆಯದು, ಹೊಡೆಯುವ ಮಳೆಯಲ್ಲಿ ಹೋಗಿ ಪ್ರಯೋಜನವಿಲ್ಲ. ಮೂರನೇ ರಾತ್ರಿ ಅತಿ ಹೆಚ್ಚು ಬಂತು, 90 ಕಿಲೋ ಹತ್ತಿರ. ಹನ್ನೆರಡು ರಾತ್ರಿಗೆ ಒಟ್ಟು ಐದೂವರೆ ಕ್ವಿಂಟಾಲ್.

ಗ್ಲೌಸ್ ವಿಷಯದಲ್ಲಿ ಸಡಿಲ ಬಿಡಬೇಡಿ. ಇದರ ಮೈಯಲ್ಲಿ ಇಲಿಯ ಶ್ವಾಸಕೋಶದ ಜಂತು, ಆಂಜಿಯೊಸ್ಟ್ರಾಂಜಿಲಸ್, ಇರಬಹುದು. ಅದು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ತರುತ್ತದೆ. ಬರಿಗೈಯಲ್ಲಿ ಹೆಕ್ಕಿ ಅದೇ ಕೈಯಲ್ಲಿ ಎಲೆಅಡಿಕೆ ಹಾಕಿಕೊಳ್ಳುವುದೇ ತೋಟದಲ್ಲಿ ನಡೆಯುವ ದೊಡ್ಡ ತಪ್ಪು. ಬಸವನಹುಳು ಓಡಾಡಿದ ಸೊಪ್ಪನ್ನು ಹಸಿಯಾಗಿ ತಿನ್ನಬಾರದು, ಮಕ್ಕಳ ಕೈಗೆ ಚಿಪ್ಪು ಕೊಡಬಾರದು.

ಕೂಲಿ ಕೊಡುವ ರೀತಿಯಲ್ಲೇ ದೊಡ್ಡ ಪಾಠ ಇದ್ದದ್ದು. ಮೊದಲು ಕಿಲೋಗೆ 20 ರೂಪಾಯಿ ಎಂದು ಮಾತಾಯಿತು. ಚುರುಕಾಗಿ ನಡೆಯಿತು. ನಾಲ್ಕೇ ದಿನದಲ್ಲಿ ತಿಳಿದದ್ದು, ಬುಟ್ಟಿಗೆ ಬರುತ್ತಿರುವುದು ಬರೀ ದೊಡ್ಡವು. ನೂರು ಮರಿ ಹೆಕ್ಕಿದರೂ ತೂಕಕ್ಕೆ ಏನೂ ಇಲ್ಲ, ಯಾರು ಬಗ್ಗುತ್ತಾರೆ? ಪಕ್ಕದ ತೋಟದವೂ ನಮ್ಮ ತಕ್ಕಡಿಗೆ ಬರತೊಡಗಿದವು. ಅದನ್ನು ನಿಲ್ಲಿಸಿ ರಾತ್ರಿಯ ಸುತ್ತಿಗೆ ತಲೆಗೆ 400 ರೂಪಾಯಿ ಕಟ್ಟುಗೂಲಿ ಮಾಡಿ, ಅದರ ಮೇಲೆ ಗೋಲಿಗಿಂತ ಸಣ್ಣವು ನೂರಕ್ಕೆ 50 ರೂಪಾಯಿ, ಮೊಟ್ಟೆಯ ಒಂದು ಗೂಡಿಗೆ 10 ರೂಪಾಯಿ ಎಂದು ಹೇಳಿದ ಮೇಲೆ ಎರಡನೇ ವರ್ಷದ ಲೆಕ್ಕ ಬದಲಾಯಿತು. ಗೂಡಿಗೆ ಹತ್ತು ರೂಪಾಯಿ ಎಂದರೆ ಜಿಪುಣತನ ಮಾಡಬೇಡಿ, ಒಂದೊಂದರಲ್ಲಿ ನೂರರ ಮೇಲಿರುತ್ತವೆ.

ಮೊಟ್ಟೆ ಸಿಗುವುದು ಮಳೆ ಹಿಡಿದು ಮೂರು ವಾರದ ನಂತರ. ಬಾಳೆಬುಡದ ಸಡಿಲ ಮಣ್ಣು, ಬಸಿಗಾಲುವೆಯ ಅಂಚು, ಕೊಳೆತ ಮರದ ದಿಮ್ಮಿಯ ಅಡಿ, ಗೊಬ್ಬರಗುಂಡಿಯ ಬದಿಯಲ್ಲಿ ಒಂದೆರಡು ಇಂಚು ಕೆಳಗೆ, ನೆನೆದ ಸಾಬೂದಾನಿಯ ಹಾಗೆ, ಕೆನೆ ಬಣ್ಣ, ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಹಲ್ಲಿ, ಓತಿಯ ಮೊಟ್ಟೆ ಇದಕ್ಕಿಂತ ದೊಡ್ಡದು, ಕೆಲವೇ ಇರುತ್ತವೆ, ಅದನ್ನು ಮುಚ್ಚಿಬಿಡಿ. ಒಂದೆರಡು ವಾರದಲ್ಲಿ ಮರಿ ಹೊರಬರುತ್ತದೆ. ಮೊದಲು ತನ್ನ ಮೊಟ್ಟೆಯ ಚಿಪ್ಪನ್ನೇ ತಿಂದು, ಕೆಲವು ದಿನ ಅಲ್ಲೇ ಸುತ್ತಮುತ್ತ ಇರುತ್ತದೆ. ಈ ಹೊತ್ತಿನಲ್ಲಿ ಬಿದ್ದ ಅಡಿಕೆ ಹಾಳೆಯನ್ನು ಅಂಗಾತ ಬಿಡದೆ ಮಗುಚಿ ಹಾಕಿದರೆ ಅದರಡಿ ಸೇರುತ್ತವೆ. ಹಾಳೆ ಎತ್ತಿ ಬಕೆಟ್ಟಿನಲ್ಲಿ ಕೊಡವಿದರೆ ಸಾಕು. ಇದಕ್ಕಿಂತ ಅಗ್ಗದ ಬಲೆ ಇಲ್ಲ.

ದರಗು, ಸೊಪ್ಪು ಪೂರ್ತಿ ತೆಗೆದುಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಅಡಿಕೆಗೆ ಮುಚ್ಚಿಗೆ ತೆಗೆದರೆ ಬೇರು ಹೊರಬೀಳುತ್ತದೆ, ಆ ನಷ್ಟ ಯಾರು ತುಂಬುತ್ತಾರೆ? ಬುಡದಿಂದ ಒಂದೂವರೆ ಅಡಿ ಬಿಡಿಸಿ, ಎಕರೆಗೆ ಐದಾರು ಕಡೆ ಬೇಕೆಂದೇ ಸೋಗೆಯ ಗುಪ್ಪೆ ಮಾಡಿ. ಬಸವನಹುಳು ಮೇಯ್ದು ತಿರುಗಿ ಅದೇ ಜಾಗಕ್ಕೆ ಬಂದು ಮಲಗುವ ಪ್ರಾಣಿ. ವಾರಕ್ಕೊಮ್ಮೆ ಗುಪ್ಪೆ ಮಗುಚಿ ಹೆಕ್ಕಿ, ಮತ್ತೆ ಅಲ್ಲೇ ಕಟ್ಟಬೇಕು. ಗುಪ್ಪೆಯ ಜಾಗ ಬದಲಿಸಿದರೆ ಮೊದಲಿನಿಂದ ಶುರು.

ಮೆಣಸಿನ ಬಳ್ಳಿಗೆ ಹತ್ತದಂತೆ ತಡೆಯಲು ಬೋರ್ಡೊ ಪೇಸ್ಟ್. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 10 ಲೀಟರ್; ಆಸರೆ ಮರದ ಬುಡದಲ್ಲಿ ಒಂದು ಗೇಣು ಎತ್ತರಕ್ಕೆ ಸುತ್ತ ಬಳಿಯುವುದು. ಇಲ್ಲಿ ತಡೆಯುವುದು ತಾಮ್ರ, ಸುಣ್ಣವಲ್ಲ. ಮೈಲುತುತ್ತ ಕಡಿಮೆ ಮಾಡಿ ಸುಣ್ಣ ಹೆಚ್ಚು ಹಾಕಿದರೆ ಮೇಲೆ ಹೇಳಿದ ಬುತ್ತಿಯ ಕತೆಯೇ ಆಗುತ್ತದೆ. ನಮ್ಮ ಮಳೆಗೆ ಮೂರು ನಾಲ್ಕು ವಾರ ಬಂತು. ಜೂನ್ ಮೊದಲಲ್ಲಿ ಒಮ್ಮೆ, ಅಡಿಕೆಯ ಕೊಳೆರೋಗಕ್ಕೆ ಎರಡನೇ ಔಷಧಿ ಹೊಡೆಯುವಾಗ ಇನ್ನೊಮ್ಮೆ. ತಾಮ್ರದ ಪಟ್ಟಿ ಎರಡಿಂಚು ಅಗಲದ್ದು ಚೆನ್ನಾಗಿ ತಡೆಯುತ್ತದೆ, ಆದರೆ ಬೆಲೆ ನೋಡಿದರೆ ನರ್ಸರಿ ಮೇಜಿನ ನಾಲ್ಕು ಕಾಲಿಗಷ್ಟೇ.

ಹೆಕ್ಕಿದ್ದನ್ನು ಕೊಲ್ಲುವುದೂ ಕೆಲಸವೇ. ಒಂದಡಿ ಗುಂಡಿಯಲ್ಲಿ ಜೀವಂತ ಹೂತದ್ದರಲ್ಲಿ ಬಹಳಷ್ಟು ಮಾರನೆಯ ರಾತ್ರಿ ಮಣ್ಣು ಸರಿಸಿ ಹೊರಬಂದವು. ಈಗ 200 ಲೀಟರ್ ಡ್ರಮ್ಮಿನಲ್ಲಿ 100 ಲೀಟರ್ ನೀರು, 20 ಕಿಲೋ ಕಲ್ಲುಪ್ಪು. ರಾತ್ರಿ ಹಾಕಿದ್ದನ್ನು ಬೆಳಿಗ್ಗೆಯೇ ತೆಗೆಯಬೇಕು. ಒಂದು ಗಂಟೆಯಲ್ಲಿ ತೆಗೆದರೆ ಚಿಪ್ಪಿನೊಳಗೆ ಸೇರಿಕೊಂಡ ದೊಡ್ಡವು ಉಳಿದಿರುತ್ತವೆ. ಅದೇ ನೀರು, ಪ್ರತಿ ಸಲ ಸ್ವಲ್ಪ ಉಪ್ಪು ಸೇರಿಸಿದರೆ, ಐದಾರು ಸಲ ಬರುತ್ತದೆ. ಆಮೇಲೆ ಮೂರಡಿ ಗುಂಡಿ, ಒಂದು ಪದರ ಹುಳು, ಮೇಲೆ ಸುಟ್ಟ ಸುಣ್ಣ, ಮೇಲೆ ಮಣ್ಣು. ಗುಂಡಿ ಬಾವಿಯಿಂದ, ಬಸಿಗಾಲುವೆಯಿಂದ ದೂರ ಇರಲಿ. ತಡಮಾಡಿದರೆ ನಾತಕ್ಕೆ ತೋಟದೊಳಗೆ ಕಾಲಿಡಲಾಗದು.

ನಡುನಡುವೆ ಬೇರೆ ಕೆಲವು ಪ್ರಯೋಗಗಳೂ ಆದವು. ಹನ್ನೆರಡು ಬಾತುಕೋಳಿ ಬಿಟ್ಟಾಗ ಗೋಲಿ ಗಾತ್ರದವರೆಗಿನ ಮರಿಗಳನ್ನು ಬಸಿಗಾಲುವೆಯ ಸಾಲಿನಲ್ಲಿ ಚೊಕ್ಕ ಮಾಡಿದವು, ದೊಡ್ಡದರ ತಂಟೆಗೆ ಹೋಗಲಿಲ್ಲ. ಅಂಚು ಕೆದಕಿ ಕಾಲುವೆ ಹಾಳುಮಾಡಿದವು, ಎರಡು ತಿಂಗಳಲ್ಲಿ ಅರ್ಧ ನರಿಯ ಪಾಲು. ಕೆಂಬೂತ ಮಾತ್ರ ಯಾರ ಖರ್ಚೂ ಇಲ್ಲದೆ ತಿನ್ನುತ್ತದೆ. ಬೇಲಿಯ ಪೊದೆಯನ್ನು ಪೂರ್ತಿ ಸವರದೆ ಅದಕ್ಕೆಂದು ಒಂದು ಮೂಲೆ ಬಿಟ್ಟಿದೆ. ಸತ್ತವುಗಳ ಚಿಪ್ಪನ್ನು ಒರಳಲ್ಲಿ ಕುಟ್ಟಿ ಬಾಳೆಗೆ ಹಾಕಿದ್ದರಲ್ಲಿ ಹೆಚ್ಚೇನೂ ಕಾಣಲಿಲ್ಲ. ಬಾಳೆಬುಡಕ್ಕೆ ಇನ್ನಷ್ಟು ಬಸವನಹುಳು ಬಂದವು, ಕಾರಣ ಹೇಳಬೇಕಿಲ್ಲ. ಅದೇ ಚಿಪ್ಪನ್ನು ತೆಂಗಿನ ಚಿಪ್ಪಿನ ಜತೆ ಗೂಡುಕಟ್ಟಿ ಸುಟ್ಟರೆ ಹತ್ತು ಕಿಲೋಗೆ ಐದು ಕಿಲೋ ಹತ್ತಿರ ಸುಣ್ಣ ಸಿಗುತ್ತದೆ. ಆ ಸುಣ್ಣದಲ್ಲೇ ಒಂದು ಸಲ ಬೋರ್ಡೊ ಮಾಡಿ ನೋಡಿದ್ದಾಗಿದೆ, ಕುಡುಗೋಲು ಅದ್ದಿದಾಗ ತಾಮ್ರ ಹಿಡಿಯಲಿಲ್ಲ, ಅಂದರೆ ಹದ ಸರಿ ಇತ್ತು.

ಬಸವನಹುಳು ತಿನ್ನುವ ಬೇಟೆಗಾರ ಬಸವನಹುಳುವನ್ನು ತರಿಸಬಾರದೇ ಎಂದು ಕೇಳುವವರಿಗೆ ಒಂದು ಮಾತು. ಇದೇ ಆಫ್ರಿಕದ ಕಾಟಕ್ಕೆಂದು ಹವಾಯಿ ದ್ವೀಪಗಳಿಗೆ 1955ರಲ್ಲಿ ಯುಗ್ಲಾಂಡಿನ ಎಂಬುದನ್ನು ತಂದು ಬಿಟ್ಟರು. ಅದು ಅಲ್ಲಿಯ ಮರದ ಬಸವನಹುಳುಗಳನ್ನು ತಿಂದು ಎಷ್ಟೋ ಜಾತಿಗಳನ್ನು ಇಲ್ಲವಾಗಿಸಿತು, ಆಫ್ರಿಕದ್ದು ಉಳಿದೇ ಉಳಿಯಿತು. ಹೆಕ್ಕಿ ಮುಗಿಯದು ಎನ್ನುವವರಿಗೆ ಫ್ಲಾರಿಡದ ಲೆಕ್ಕ: 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ತಂದ ಮೂರು ಬಸವನಹುಳು ಏಳು ವರ್ಷದಲ್ಲಿ 18 ಸಾವಿರ ದಾಟಿದ್ದವು, ಕೈಯಲ್ಲಿ ಹೆಕ್ಕುವುದು ಮತ್ತು ವಿಷದ ಆಹಾರ ಎರಡನ್ನೂ ಬಿಡದೆ ನಡೆಸಿ 1975ಕ್ಕೆ ಪೂರ್ತಿ ತೆಗೆದರು, ಖರ್ಚು ಹತ್ತು ಲಕ್ಷ ಡಾಲರಿನ ಮೇಲೆ. ನಮ್ಮ ಮೂರು ಎಕರೆಗೆ ಅಷ್ಟು ಬೇಡ.

ಮೊದಲ ವರ್ಷದ ನಮ್ಮ ಖರ್ಚು ಹೀಗೆ: ರಾತ್ರಿಯ ಸುತ್ತು ಹನ್ನೆರಡು ದಿನ ಮೂವರಂತೆ 14 ಸಾವಿರದ ಮೇಲೆ, ಬೇಸಿಗೆಯ ಹುಡುಕಾಟ 6 ಸಾವಿರ, ಹಳೆ ಗೋಣಿ 120ಕ್ಕೆ 3 ಸಾವಿರ, ತೌಡು ಬೆಲ್ಲ ಎರಡೂವರೆ ಸಾವಿರ, ಉಪ್ಪು ಒಂದೂವರೆ ಸಾವಿರ, ಟಾರ್ಚ್ ಮೂರಕ್ಕೆ ಒಂದೂವರೆ ಸಾವಿರ, ಜೂನ್ ನಂತರ ವಾರಕ್ಕೆರಡು ಸಲದ ಸುತ್ತಿಗೆ 5 ಸಾವಿರ ಚಿಲ್ಲರೆ. ಒಟ್ಟು 34 ಸಾವಿರದ ಆಸುಪಾಸು. ಎರಡನೇ ವರ್ಷ ಮರಿ, ಮೊಟ್ಟೆಯ ಇನಾಮು ಸೇರಿ 15 ಸಾವಿರ. ಕಳೆದ ವರ್ಷ 4 ಸಾವಿರವೂ ಆಗಲಿಲ್ಲ. ಹಿಂದೆ ಬಾಳೆಯ ನೂರು ಕಂದಿನಲ್ಲಿ ನಲವತ್ತು ಸುಳಿ ಕಚ್ಚಿಸಿಕೊಂಡು ಮತ್ತೆ ನೆಡಬೇಕಾಗುತ್ತಿತ್ತು, ಈಗ ಎರಡೋ ಮೂರೋ.

ಈಗ ಉಳಿದಿರುವುದು ಹೊರಗಿನಿಂದ ಬರುವುದನ್ನು ತಡೆಯುವ ಕೆಲಸ. ತೆವಳಿಕೊಂಡು ಬರುವುದಕ್ಕಿಂತ ಲಾರಿಯಲ್ಲಿ ಬರುವುದೇ ಹೆಚ್ಚು: ಗೊಬ್ಬರ, ಮರಳು, ಇಟ್ಟಿಗೆ, ನರ್ಸರಿ ಚೀಲ. ಗೊಬ್ಬರ ಬಂದರೆ ತೋಟದಾಚೆ ರಾಶಿ ಹಾಕಿ ಸುತ್ತ ಆರು ಒದ್ದೆ ಗೋಣಿ ಇಟ್ಟು ಹತ್ತು ದಿನ ನೋಡಿದ ಮೇಲೆಯೇ ಒಳಗೆ. ಸಸಿ ತಂದರೆ ಚೀಲದ ತಳದ ತೂತು ಮತ್ತು ಮಡಿಕೆ ನೋಡಬೇಕು, ಮರಿ ಕೂರುವುದು ಅಲ್ಲಿ. ಮೇಲ್ಮಣ್ಣನ್ನು ಎರಡಿಂಚು ಕೆದಕಿ ಮೊಟ್ಟೆ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಎರಡು ವಾರ ಬೇರೆ ಇಟ್ಟು ನೆಡುವುದು. ಈ ಸಲ ತಂದ 150 ಮೆಣಸಿನ ಸಸಿಗಳಲ್ಲಿ ಇಂಥ ನಾಲ್ಕು ಚೀಲ ಸಿಕ್ಕಿದವು, ಒಂದರಲ್ಲಿ ಮೊಟ್ಟೆಯ ಗೂಡು ಪೂರ್ತಿ ಇತ್ತು.